ಕಪ್ಪು ಚುಕ್ಕೆ

ಉಪಿಂಗ್ಟನ್ನಿನಲ್ಲಿ ನವೆಂಬರ್ ಬಂತೆಂದರೆ
ಜನ ನನ್ನ ಅಂಗಡಿಗೆ ನೀರು ಹೊತ್ತು ಬರುತ್ತಾರೆ.
ಜಾಮಿನ ಬಾಟಲಿಯಲ್ಲಿ, ಮಗುವಿನ ಹಾಲಿನ ಶೀಶೆಯಲ್ಲಿ.
ಒಬ್ಬಾತ ಬ್ರಾಂದಿ ಬಾಟಲಿಯಲ್ಲಿ ತಂದು, ತೊಳೆದಿದ್ದೇನೆಂದು ಆಣೆ ಇಟ್ಟ.
ಮೂಸಿ ನೋಡಿದೆ. ತೊಳೆದಿರಲಿಲ್ಲ.

ಹೊರಗೆ ನಲವತ್ತೆರಡು ಡಿಗ್ರಿ.
ಆರೆಂಜ್ ನದಿ ದ್ರಾಕ್ಷಿ ತೋಟಗಳಿಗೆ ತನ್ನನ್ನು ಹಂಚಿಕೊಟ್ಟು
ಉಳಿದದ್ದನ್ನು ಹೊತ್ತು ಪಡುವಣಕ್ಕೆ ಹೊರಟಿರುತ್ತದೆ.
ನಾನು, ಮಾಗ್ರೀತಾ ಸ್ಲಾಬರ್ಟ್, ಹತ್ತೊಂಬತ್ತು ವರ್ಷದಿಂದ
ಪರರ ಈಜುಕೊಳಗಳ ನಾಡಿ ಹಿಡಿದು ಕೂತವಳು.
ನನಗೆ ಈಜು ಬಾರದು.

ನಿನ್ನೆ ಡಾವಿ ಎಸ್ಟರ್‌ಹೈಸನ್ ಬಂದ,
ಒಣದ್ರಾಕ್ಷಿ ಲಾರಿಯ ಡ್ರೈವರ್, ಉಪ್ಪಿನಕಾಯಿ ಭರಣಿ ಕಂಕುಳಲ್ಲಿ.
"ಕ್ಲೋರಿನ್ ಇದೆ. ಪಟ್ಟಿ ಅದ್ದಿದೆ, ಬಣ್ಣ ತಿರುಗಿತು.
ಆದರೂ ನೀರು ಹಸಿರು. ನೀನು ಕೊಟ್ಟ ಗುಳಿಗೆ ನಕಲಿ."

ಮಾತಾಡದೆ ಕೊಳವೆ ಎತ್ತಿಕೊಂಡೆ.
ಅದರ ತಳದಲ್ಲೊಂದು ಕಪ್ಪು ಚುಕ್ಕೆ.
ಮದ್ದು ಬೆರೆಸಿದ ನೀರು ಮಜ್ಜಿಗೆಯಂತೆ ಕದಡುತ್ತದೆ,
ಸುರಿಯುತ್ತ ಹೋಗಬೇಕು, ಚುಕ್ಕೆ ಕಾಣದಾಗುವ ತನಕ.
ಎಷ್ಟು ಬೇಗ ಮರೆಯಾದರೆ ಅಷ್ಟು ಸ್ಟೆಬಿಲೈಸರ್.
ಡಾವಿಯದು ಬೆರಳೆತ್ತರಕ್ಕೇ ಮರೆಯಾಯಿತು.
ಅರ್ಧಕ್ಕರ್ಧ ನಲ್ಲಿ ನೀರು ಬೆರೆಸಿ ಮತ್ತೆ ಅಳೆದೆ,
ಬಂದದ್ದನ್ನು ಇಮ್ಮಡಿಸಿದೆ:
ನೂರ ಎಂಬತ್ತು.
ನಲವತ್ತಿದ್ದರೆ ಸಾಕಿತ್ತು.

ಹೇಗೆ ಹೇಳಲಿ ಈ ಮನುಷ್ಯನಿಗೆ?
ಬಿಸಿಲಿಗೆ ಕ್ಲೋರಿನ್ನೆಂದರೆ ತಿಂಡಿ,
ಮಧ್ಯಾಹ್ನದೊಳಗೆ ತಟ್ಟೆ ಖಾಲಿ.
ಅದಕ್ಕೇ ಈ ಬಿಳಿ ಪುಡಿಯ ಕಾವಲು,
ಕೈಹಿಡಿದು ನೆರಳಲ್ಲಿ ಕೂರಿಸಲು.
ಆದರೆ ನಿನ್ನ ಒಂದೊಂದು ಗುಳಿಗೆಯಲ್ಲೂ
ಒಬ್ಬೊಬ್ಬ ಕಾವಲುಗಾರ ಇಳಿದು ಬಂದಿದ್ದಾನೆ, ಡಾವಿ.
ಕ್ಲೋರಿನ್ ದುಡಿದು ಸಾಯುತ್ತದೆ. ಇವರು ಸಾಯುವುದಿಲ್ಲ,
ಆವಿಯಾಗುವುದಿಲ್ಲ, ಸೋಸಿದರೆ ಸಿಕ್ಕುವುದಿಲ್ಲ.
ಆರು ಬೇಸಿಗೆಯ ಕಾವಲುಗಾರರು ಒತ್ತೊತ್ತಾಗಿ ನಿಂತಿದ್ದಾರೆ.
ಕ್ಲೋರಿನ್ ಇದೆ. ಎದ್ದು ಹೋಗಲು ಬಿಡುವವರಿಲ್ಲ.
ಅದರ ಕಣ್ಣೆದುರೇ ಪಾಚಿ ಚಾಪೆ ಹಾಸಿಕೊಂಡಿದೆ.

ಇಷ್ಟೆಲ್ಲ ಹೇಳಲಿಲ್ಲ. "ಮುಕ್ಕಾಲು ಖಾಲಿ ಮಾಡು," ಎಂದೆ.

ಅವನ ಮುಖ ನೋಡಬೇಕಿತ್ತು.
"ಮೂವತ್ತು ಸಾವಿರ ಲೀಟರ್! ನೀರಿನ ಬಿಲ್ಲು ನಿನ್ನಪ್ಪ ಕಟ್ಟುತ್ತಾನಾ?
ಇಳಿಸುವ ಪುಡಿ ಯಾವುದೂ ಇಲ್ಲವಾ?"
ಇದೆ ಎಂದು ಏನಾದರೂ ಮಾರಬಹುದಿತ್ತು,
ಪಕ್ಕದ ಬೀದಿಯವನು ಮಾರುತ್ತಾನೆ.
ಹಾಕುವುದಕ್ಕೆ ನೂರು ಡಬ್ಬಿ ಇವೆ ನನ್ನ ಕಪಾಟಿನಲ್ಲಿ.
ತೆಗೆಯುವುದಕ್ಕೆ ಒಂದೂ ಇಲ್ಲ.

ಸುಮ್ಮನಾದ. ಆಮೇಲೆ, ನನ್ನನ್ನಲ್ಲ, ಭರಣಿಯನ್ನು ನೋಡುತ್ತ:
"ಮೊದಲ ವರ್ಷ ಯೋಲಾಂದಿಗೆ ಕಿವಿಯೆಲ್ಲ ಕೀವಾಯಿತು.
ರಾತ್ರಿಯೆಲ್ಲ ಅತ್ತಳು, ನಾನು ಲಾರಿಯಲ್ಲಿದ್ದೆ, ಫೋನಿನಲ್ಲಿ ಕೇಳಿದೆ.
ಅಂದಿನಿಂದ ಎರಡು ಹಾಕುವಲ್ಲಿ ನಾಲ್ಕು ಹಾಕುತ್ತೇನೆ.
ವಾರದಲ್ಲಿ ಐದು ದಿನ ದಾರಿಯಲ್ಲಿ. ಹಾಕಿ ಹೋದರೆ
ಅಷ್ಟು ನಿಶ್ಚಿಂತೆ."

ಗುಳಿಗೆಯ ಡಬ್ಬಿಯನ್ನು ಮೇಜಿನ ಕೆಳಕ್ಕೆ ಸರಿಸಿದೆ,
ಅದೇನೋ ತಪ್ಪು ಮಾಡಿದಂತೆ.

ಈ ಬೆಳಿಗ್ಗೆ ಅಂಗಡಿಗೆ ಬರುವಾಗ
ಅವನ ಗೇಟಿನ ಕೆಳಗಿಂದ ಹಸಿರು ನೀರು ರಸ್ತೆಗಿಳಿಯುತ್ತಿತ್ತು.
ಎರಡು ಗುಬ್ಬಿ ದಡದಲ್ಲಿ ನಿಂತು ಅನುಮಾನಿಸುತ್ತಿದ್ದವು.
ಗೋಡೆಯಾಚೆ ಹುಡುಗಿಯ ದನಿ:
"ಅಪ್ಪಾ, ನನ್ನ ಈಜುವ ಕನ್ನಡಕ! ಇಲ್ಲೇ ಇತ್ತು ನೋಡು, ಇಷ್ಟು ದಿನ!"

ಭರಣಿ ತೊಳೆದು ಬೋರಲು ಹಾಕಿದ್ದೇನೆ.
ಜೊತೆಗೊಂದು ಚೀಟಿ:
ಉಳಿದ ಕಾಲುಭಾಗದಲ್ಲೇ ಬೇಕಾದಷ್ಟು ನೆರಳಿದೆ, ಹೊಸದು ಹಾಕಬೇಡ.
ಗುಳಿಗೆ ಸಾಕು. ದ್ರವ ಕ್ಲೋರಿನ್, ದಿನಾ ಸಂಜೆ.

'ದಿನಾ' ಎಂಬುದನ್ನು ಹೊಡೆದುಹಾಕಿದೆ.
ಮತ್ತೆ ಬರೆದೆ.
ಕೆಳಗೆ, ಸಣ್ಣ ಅಕ್ಷರದಲ್ಲಿ:
ಯೋಲಾಂದಿಗೀಗ ಹದಿನೈದು, ಅಲ್ಲವಾ?
ಅಳೆಯುವುದನ್ನು ಅವಳಿಗೆ ಕಲಿಸು.